ಓಹಾಯೋದಿಂದ ಅಪ್ಪನಿಗೆ ಗಾಡಿ ಲೆಕ್ಕ

ಡಬ್ಲಿನ್, ಓಹಾಯೋ
9 ಮಾರ್ಚ್ 2025, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರಗಳು. ಇಲ್ಲಿ ನಾವು ನಾಲ್ಕೂ ಜನ ಆರಾಮಾಗಿದ್ದೇವೆ. ಚಿಕ್ಕವನ ನೆಗಡಿ ಬಿಟ್ಟಿದೆ. ಹಿಮ ಕರಗಿ ಅಂಗಳದ ಹುಲ್ಲು ಕಾಣಿಸುತ್ತಿದೆ. ಆದರೂ ಬೆಳಿಗ್ಗೆ ಹೊತ್ತು ಕಾರಿನ ಗಾಜಿನ ಮೇಲಿನ ಮಂಜು ಕೆರೆದೇ ಹೊರಡಬೇಕು.

ಹೊಸ ಗಾಡಿ ಲೀಸಿಗೆ ತೆಗೆದುಕೊಳ್ಳುವುದು ಬಿಟ್ಟು ಹಳೆಯದನ್ನು ಯಾಕೆ ಕೊಂಡಿರಿ ಅಂತ ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಅರ್ಧಕ್ಕೇ ನಿಂತಿತು. ಗುಡ್ಡ ಹತ್ತಿ ನಿಂತರೂ ಸಿಗ್ನಲ್ ಹೋಗುತ್ತದೆ ಅಂದರೆ ಎಂತ ಮಾಡುವುದು. "ಲೆಕ್ಕ ಪೂರ್ತಿ ಬರೆದು ಕಳಿಸು, ನಿಧಾನಕ್ಕೆ ಓದ್ಕೊಳ್ತೀನಿ" ಅಂದಿರಿ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಮಕ್ಕಳು ಮಲಗಿದ್ದಾರೆ, ನಿಮ್ಮ ಅಳಿಯ ಪಾತ್ರೆ ತೊಳೆಯುತ್ತಿದ್ದಾರೆ.

ದೊಡ್ಡ ಗಾಡಿ ಬೇಕು ಅನ್ನುವುದರಲ್ಲಿ ನಮಗೆ ಅನುಮಾನವೇ ಇರಲಿಲ್ಲ. 2022ರಲ್ಲಿ ನೀವು ಬಂದಾಗ ಪಿಟ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿದ್ದು ನೆನಪಿದೆಯಲ್ಲ? ಮೂರು ಗಂಟೆಯ ದಾರಿ. ಆಗ ಮಗಳೊಬ್ಬಳೇ ಇದ್ದಳು. ಹಿಂದಿನ ಸೀಟಿನ ಮೇಲೆ ಕಟ್ಟಿದ ಅವಳ ಮಕ್ಕಳ ಸೀಟು ಒಂದು ಕಡೆ, ನಡುವೆ ಅಪ್ಪ, ಬಾಗಿಲ ಹತ್ತಿರ ಅಮ್ಮ. ಅಮ್ಮ ಮೊಣಕಾಲು ಮಡಚಿಕೊಂಡೇ ಕೂತಿದ್ದಳು. ದೇವಸ್ಥಾನದ ಮುಂದೆ ಇಳಿಯುವಾಗ ಕಾಲು ನೆಟ್ಟಗಾಗಲಿಲ್ಲ. ಬಾಗಿಲು ಹಿಡಿದು ಐದು ನಿಮಿಷ ನಿಂತಳು, "ಏನಿಲ್ಲ, ಜೋಮು ಹಿಡಿದಿದೆ" ಅಂದಳು. ಅದು ಜೋಮಲ್ಲ ಅಂತ ನನಗೆ ಗೊತ್ತಾಗಿತ್ತು. ಆವತ್ತಿನಿಂದ ಆ ಚಿತ್ರ ನನ್ನ ಕಣ್ಣಿನಿಂದ ಹೋಗಿಲ್ಲ.

ಈಗ ಮಕ್ಕಳು ಇಬ್ಬರು. ಓಹಾಯೋದಲ್ಲಿ ಎಂಟು ವರ್ಷ ತುಂಬುವವರೆಗೆ ಮಕ್ಕಳನ್ನು ಅವರ ಸೀಟಿನಲ್ಲೇ ಕೂರಿಸಬೇಕು, ಅಷ್ಟರೊಳಗೆ 4 ಅಡಿ 9 ಇಂಚು ಬೆಳೆದರೆ ಮಾತ್ರ ವಿನಾಯಿತಿ. ನಮ್ಮ ಸಣ್ಣ ಕಾರಿನ ಹಿಂದುಗಡೆ ಆ ಎರಡು ಸೀಟು ಇಟ್ಟರೆ ನಡುವೆ ಒಂದು ಚೀಲ ಇಡಬಹುದು, ಅಷ್ಟೇ. ಜೂನ್‌ನಲ್ಲಿ ನೀವು ಬಂದರೆ ಒಟ್ಟು ಆರು ಜನ. ಎರಡು ಕಾರಿನಲ್ಲಿ ಬೇರೆ ಬೇರೆ ಹೋಗುವುದು ನನಗೆ ಇಷ್ಟವಿಲ್ಲ. ನೀವು ಬರುವುದೇ ನಮ್ಮ ಜೊತೆ ಇರುವುದಕ್ಕೆ ಅಲ್ವಾ?

ಸರಿ, ಲೀಸಿನ ವಿಷಯ. "ಲೀಸ್ ಆದ್ರೆ ಒಳ್ಳೇದಲ್ವಾ, ಕೊನೆಗೆ ದುಡ್ಡು ವಾಪಸ್ ಬರುತ್ತೆ" ಅಂದಿರಿ ಅಪ್ಪ. ನೀವು ಯಾಕೆ ಹಾಗೆ ಅಂದಿರಿ ಅಂತ ಗೊತ್ತು. ತಮ್ಮ ಬೆಂಗಳೂರಿನಲ್ಲಿ 12 ಲಕ್ಷ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿದಿದ್ದಾನೆ. ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ 12 ಲಕ್ಷವೂ ಕೈಗೆ. ಅಲ್ಲಿ ಅದನ್ನೇ ಲೀಸ್ ಅನ್ನುತ್ತಾರೆ.

ಇಲ್ಲಿ ಕಾರಿನ ಲೀಸ್ ಹಾಗಲ್ಲ. ಕೊಟ್ಟ ದುಡ್ಡು ಕೊಟ್ಟ ಹಾಗೇ. ಹೊಸ ಗಾಡಿಗೆ ಇವತ್ತು ಎಷ್ಟು ಬೆಲೆ, ಮೂರು ವರ್ಷ ಓಡಿದ ಮೇಲೆ ಎಷ್ಟು ಬೆಲೆ ಉಳಿದಿರುತ್ತದೆ ಅಂತ ಲೀಸ್ ಕೊಡುವ ಕಂಪನಿಯವರು ಮೊದಲೇ ಅಂದಾಜು ಕಟ್ಟುತ್ತಾರೆ. ನಡುವೆ ಇಳಿಯುವ ಬೆಲೆಯನ್ನು ನಾವು ತಿಂಗಳು ತಿಂಗಳು ತುಂಬಬೇಕು, ಮೇಲೆ ಬಡ್ಡಿ. ಮೂರು ವರ್ಷ ಆದ ಮೇಲೆ ಗಾಡಿ ಅವರದ್ದು. ನಮಗೇ ಬೇಕು ಅಂದರೆ ಆ ಉಳಿದ ಬೆಲೆ ಕೊಟ್ಟು ಕೊಂಡುಕೊಳ್ಳಬಹುದು. ಇಲ್ಲದಿದ್ದರೆ ಕೀಲಿ ಕೊಟ್ಟು ಬರಬೇಕು.

ನಾವು ವಿಚಾರಿಸಿದ್ದು ಹೊಸ ಟೊಯೋಟಾ ಸಿಯೆನಾ ಅನ್ನುವ ದೊಡ್ಡ ವ್ಯಾನು. ಬೆಲೆ 44,000 ಡಾಲರ್. ಮೂರು ವರ್ಷಕ್ಕೆ ಅದರಲ್ಲಿ ನೂರಕ್ಕೆ 57ರಷ್ಟು ಉಳಿಯುತ್ತದೆ, ಅಂದರೆ 25,080 ಅಂತ ಬರೆದಿದ್ದರು. ಸಹಿ ಹಾಕುವ ದಿನ 4,000 ಕೊಡಬೇಕು, ಮೊದಲ ತಿಂಗಳ ಕಂತು ಅದರಲ್ಲೇ ಸೇರಿದೆ. ಆಮೇಲೆ 35 ತಿಂಗಳು 595. ಈ 595ರಲ್ಲಿ 431 ಗಾಡಿಯ ಬೆಲೆ ಇಳಿದಿದ್ದಕ್ಕೆ, 164 ಬಡ್ಡಿಗೆ. ತೆರಿಗೆ ಬೇರೆ.

ಬಡ್ಡಿ ಎಷ್ಟು ಅಂತ ನೇರವಾಗಿ ಕೇಳಿದೆ. "ಮನಿ ಫ್ಯಾಕ್ಟರ್ 0.0025" ಅಂದರು. ಹಾಗೆ ಕೇಳಿದರೆ ಇಲ್ಲದಷ್ಟು ಕಡಿಮೆ ಅನ್ನಿಸುತ್ತದೆ. ಅದನ್ನು 2400ರಿಂದ ಗುಣಿಸಬೇಕು ಅಪ್ಪ. ಆಗ 6 ಬರುತ್ತದೆ. ವರ್ಷಕ್ಕೆ ನೂರಕ್ಕೆ 6ರ ಬಡ್ಡಿ ಅಂತ ಅರ್ಥ. ಅದೂ ನಾವು ಸವೆಸುವ ಭಾಗಕ್ಕೆ ಮಾತ್ರ ಅಲ್ಲ, ಅವರಿಗೇ ವಾಪಸ್ ಹೋಗುವ 25,080ಕ್ಕೂ ನಾವೇ ಬಡ್ಡಿ ಕಟ್ಟಬೇಕು. ಇದನ್ನು ಯಾರೂ ಮುಚ್ಚಿಡುವುದಿಲ್ಲ, ಕಾಗದದಲ್ಲಿ ಇರುತ್ತದೆ. ಆದರೆ ಕೂತು ಓದುವವರು ಕಡಿಮೆ. ತಿಂಗಳಿಗೆ ಎಷ್ಟು ಅಂತ ಕೇಳಿ ಸಹಿ ಹಾಕುವವರೇ ಜಾಸ್ತಿ.

ನನಗೆ ನಿಜವಾಗಿ ಭಾರ ಅನ್ನಿಸಿದ್ದು ಮೈಲಿಯ ಲೆಕ್ಕ. ಆ ಕರಾರಿನಲ್ಲಿ ವರ್ಷಕ್ಕೆ 10,000 ಮೈಲಿ ಮಾತ್ರ ಓಡಿಸಬಹುದು. ಮೇಲೆ ಓಡಿಸಿದರೆ ಮೈಲಿಗೆ 25 ಸೆಂಟ್. ಒಂದು ರಾತ್ರಿ ನಾವಿಬ್ಬರೂ ಕೂತು ನಮ್ಮ ಓಡಾಟ ಬರೆದೆವು. ನನ್ನ ಆಫೀಸು 19 ಮೈಲಿ, ಹೋಗಿ ಬರಲು 38. ವಾರಕ್ಕೆ ನಾಲ್ಕು ದಿನ, ವರ್ಷಕ್ಕೆ 48 ವಾರ ಅಂದರೆ ಅದೇ 7,300 ಹತ್ತಿರ ಆಗುತ್ತದೆ. ಶಾಲೆ, ಈಜು ಕ್ಲಾಸು, ದಿನಸಿ ಸೇರಿ 3,600. ಪಿಟ್ಸ್‌ಬರ್ಗ್‌ಗೆ ವರ್ಷಕ್ಕೆ ಎರಡು ಸಲ ಹೋದರೆ 780. ನ್ಯೂಜೆರ್ಸಿಯ ಭಾವನ ಮನೆಗೆ ಒಂದು ಸಲ ಹೋಗಿಬಂದರೆ 1,100. ನಿಮ್ಮನ್ನು ನಯಾಗರಾಕ್ಕೆ ಕರೆದುಕೊಂಡು ಹೋದರೆ 660. ಒಟ್ಟು 13,440. ವರ್ಷಕ್ಕೆ 3,440 ಮೀರಿದರೆ ಮೂರು ವರ್ಷಕ್ಕೆ 10,320 ಮೈಲಿ ಜಾಸ್ತಿ. ದಂಡವೇ 2,580 ಡಾಲರ್.

ಈ ಪಟ್ಟಿ ಬರೆಯುವಾಗ ನಿಮ್ಮ ಅಳಿಯ "ಈ ವರ್ಷ ನಯಾಗರಾ ಬಿಟ್ರೆ ಸ್ವಲ್ಪ ಕಡಿಮೆ ಆಗುತ್ತೆ" ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ, ಲೆಕ್ಕಕ್ಕೆ ಅಂದರು. ಆದರೆ ನನಗೆ ಅಜ್ಜನ ನೆನಪು ಬಂತು ಅಪ್ಪ. ನೀವೇ ಹೇಳುತ್ತಿದ್ದಿರಿ. ಸುಗ್ಗಿ ಮುಗಿದ ಮೇಲೆ ಒಡೆಯರ ಮನೆ ಕಣದಲ್ಲಿ ಗೇಣಿ ಭತ್ತ ಅಳೆಯುವಾಗ ಅಜ್ಜ ಬಾಯಿಬಿಡದೆ ನಿಂತು ಕೊಳಗ ಎಣಿಸುತ್ತಿದ್ದರು, ಅಳೆಯುವ ಕೊಳಗ ನಮ್ಮ ಮನೆಯದಕ್ಕಿಂತ ದೊಡ್ಡದು ಅಂತ ಗೊತ್ತಿದ್ದರೂ ಏನೂ ಅನ್ನುವ ಹಾಗಿರಲಿಲ್ಲ ಅಂತ. 1951ರಲ್ಲಿ ಕಾಗೋಡಿನಲ್ಲಿ ರೈತರು ಎದ್ದು ನಿಂತಿದ್ದು ಆ ಕೊಳಗದ ಅಳತೆಗೇ. ಗೇಣಿದಾರರಿಗೇ ಜಮೀನು ಕೊಡುವ 1974ರ ಕಾನೂನು ಬಂದ ಮೇಲೆ ಅಜ್ಜ ಡಿಕ್ಲರೇಷನ್ ಹಾಕಿದರು. ಜಮೀನು ನಮ್ಮ ಹೆಸರಿಗೆ ಆಯಿತು. ಆಮೇಲೆ ಅಜ್ಜ ಮೊದಲ ಸಲ ಭತ್ತ ಅಳೆಯದೇ ಕಣಜಕ್ಕೆ ಸುರಿದರು ಅಂತ ನೀವು ಹೇಳುವಾಗ ನಿಮ್ಮ ದನಿ ಬೇರೆಯೇ ಆಗುತ್ತಿತ್ತು.

ಅಜ್ಜನ ಕಷ್ಟಕ್ಕೂ ನನ್ನ ಕಾರಿಗೂ ಹೋಲಿಕೆ ಇಲ್ಲ. ನಾನು ನನ್ನ ಇಷ್ಟದಿಂದ ಸಹಿ ಹಾಕುವವಳು, ಬೇಡ ಅಂದರೆ ಎದ್ದು ಬರಬಹುದು. ಅಜ್ಜನಿಗೆ ಅದು ಇರಲಿಲ್ಲ. ಆದರೂ ನೀವು ಇಲ್ಲಿರುವ ಆರು ತಿಂಗಳು ಎಲ್ಲಿಗೆ ಹೊರಟರೂ ಮನಸ್ಸಿನಲ್ಲಿ ಮೈಲಿ ಎಣಿಸುತ್ತಾ ಗಾಡಿ ಓಡಿಸುವುದು ನನ್ನಿಂದ ಆಗದು. ನಿಮ್ಮ ಅಳಿಯನಿಗೂ ಹಾಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, ನಯಾಗರಾವನ್ನು ಪಟ್ಟಿಯಲ್ಲಿ ಹಾಗೇ ಬಿಟ್ಟರು.

ಲೀಸ್ ಮೋಸ ಅಂತ ನಾನು ಹೇಳುತ್ತಿಲ್ಲ. ನಮ್ಮ ಬೀದಿಯಲ್ಲೇ ಒಂದು ಮನೆಯವರು ಲೀಸಿಗೆ ಗಾಡಿ ಇಟ್ಟಿದ್ದಾರೆ. ಇಬ್ಬರೂ ಮನೆಯಿಂದಲೇ ಕೆಲಸ ಮಾಡುವವರು, ವರ್ಷಕ್ಕೆ ಆರೇಳು ಸಾವಿರ ಮೈಲಿ ದಾಟುವುದಿಲ್ಲ. ಮೂರು ವರ್ಷವೂ ಕಂಪನಿಯ ವಾರಂಟಿ ಇರುತ್ತದೆ, ಗ್ಯಾರೇಜಿನ ಚಿಂತೆ ಇಲ್ಲ. ಅವರಿಗೆ ಅದು ಸರಿಯಾಗಿದೆ. ನಿಮ್ಮ ಅಳಿಯನ ವಾದವೂ ಅದೇ ಆಗಿತ್ತು. ಮೊದಲ ಹತ್ತು ದಿನ ಅವರು ಲೀಸ್ ಕಡೆಗೇ ಇದ್ದರು. "ಚಳಿಗಾಲದಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಹೈವೇಲಿ ಹಳೇ ಗಾಡಿ ನಿಂತು ಹೋದ್ರೆ?" ಅಂತ ಕೇಳಿದರು. ಆ ಭಯ ನನಗೂ ಇದೆ.

ಅವರ ಮನಸ್ಸು ತಿರುಗಿಸಿದ್ದು ವೀಸಾದ ಮಾತು. ಇದನ್ನು ಫೋನಿನಲ್ಲಿ ಹೇಳಿದರೆ ಅಮ್ಮ ಗಾಬರಿಯಾಗುತ್ತಾಳೆ ಅಂತ ಹೇಳಿರಲಿಲ್ಲ. ಅಮ್ಮ, ಏನೂ ಆಗಿಲ್ಲ, ನನ್ನ ಕೆಲಸ ಚೆನ್ನಾಗಿಯೇ ಇದೆ. ಆದರೆ ಎಚ್-1ಬಿ ವೀಸಾದಲ್ಲಿ ಇರುವವರ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲವೇ ಊರಿಗೆ ಹೊರಡಬೇಕು. ಲೀಸನ್ನು ನಡುವೆ ಮುರಿದರೆ ಉಳಿದ ಕಂತುಗಳ ದೊಡ್ಡ ಭಾಗ ನಮ್ಮ ತಲೆಯ ಮೇಲೇ ಬರುತ್ತದೆ. ನಮ್ಮದೇ ಗಾಡಿ ಆದರೆ ಒಂದೆರಡು ವಾರದಲ್ಲಿ ಮಾರಿ, ಸಾಲ ತೀರಿಸಿ, ಮಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡು ವಿಮಾನ ಹತ್ತಬಹುದು. ಈ ಒಂದು ಕಾರಣಕ್ಕೇ ನಾವು ಹಳೆಯ ಗಾಡಿ ಕೊಳ್ಳುವುದು ಅಂತ ತೀರ್ಮಾನ ಮಾಡಿದ್ದು. ದುಡ್ಡಿನ ಲೆಕ್ಕ ಅದಕ್ಕೆ ಬಲ ಕೊಟ್ಟಿತು, ಅಷ್ಟೇ.

ಇನ್ನು ಹುಡುಕಾಟದ ಕತೆ. ಅಪ್ಪ, ನೀವು ಓಮ್ನಿ ತೆಗೆದುಕೊಂಡಾಗ ಸಾಗರದ ಗ್ಯಾರೇಜಿನ ಸಾಹೇಬರನ್ನು ಜೊತೆಗೆ ಕರೆದುಕೊಂಡು ಹೋಗಿದ್ದಿರಿ. ಅವರು ಗಾಡಿ ನೋಡುವ ಮೊದಲು ಅದು ನಿಂತಿದ್ದ ನೆಲ ನೋಡಿದರು, ಎಣ್ಣೆ ಬಿದ್ದಿದೆಯಾ ಅಂತ. ನಾನು ಆಗ ಏಳನೇ ಕ್ಲಾಸು. ಅದು ನನ್ನ ತಲೆಯಲ್ಲಿ ಹಾಗೇ ಉಳಿದಿತ್ತು. ಇಲ್ಲಿಯೂ ನಾನು ಮೊದಲು ಮಾಡಿದ್ದು ಅದನ್ನೇ.

ಮೊದಲು ನೋಡಿದ್ದು ಒಬ್ಬ ಡೀಲರ್ ಹತ್ತಿರ ಇದ್ದ ಹೋಂಡಾ ಒಡಿಸ್ಸಿ. ಹೊರಗಿನಿಂದ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. 92,000 ಮೈಲಿ ಓಡಿತ್ತು. ಇಂಜಿನ್‌ಗೆ ಮೂರು ತಿಂಗಳ ಗ್ಯಾರಂಟಿ ನಾವು ಕೊಡ್ತೇವೆ ಅಂತ ಬಾಯಲ್ಲಿ ಹೇಳಿದರು. ಇಲ್ಲಿ ಡೀಲರುಗಳು ಮಾರುವ ಪ್ರತಿ ಹಳೆಯ ಗಾಡಿಯಲ್ಲೂ ಕಣ್ಣಿಗೆ ಕಾಣುವ ಹಾಗೆ ಒಂದು ಚೀಟಿ ಹಾಕಲೇಬೇಕು, ಅದು ಸರ್ಕಾರದ ನಿಯಮ. ಗ್ಯಾರಂಟಿ ಇದೆಯೋ ಇಲ್ಲವೋ ಅದರಲ್ಲಿ ಗುರುತು ಹಾಕಿರಬೇಕು. ಆ ಚೀಟಿಯಲ್ಲಿ "ಆ್ಯಸ್ ಈಸ್" ಅನ್ನುವ ಚೌಕಕ್ಕೆ ಗುರುತು ಹಾಕಿತ್ತು. ಇದ್ದ ಹಾಗೇ ತೆಗೆದುಕೊಳ್ಳಿ, ಆಮೇಲೆ ನಮ್ಮನ್ನು ಕೇಳಬೇಡಿ ಅಂತ. ಬಾಯಲ್ಲಿ ಹೇಳಿದ್ದನ್ನು ಈ ಚೀಟಿಯಲ್ಲಿ ಬರೆದು ಕೊಡಿ ಅಂದೆ. ಮಾತು ಬದಲಾಯಿಸಿದರು.

ಆದರೂ ಗಾಡಿ ಚೆನ್ನಾಗಿ ಕಾಣುತ್ತಿದ್ದರಿಂದ ಮನಸ್ಸು ಬಿಡಲಿಲ್ಲ. ಕೇಳಿಕೊಂಡು ನಮ್ಮ ಮನೆ ಹತ್ತಿರದ ಗ್ಯಾರೇಜಿಗೆ ಒಯ್ದೆವು. 150 ಡಾಲರ್ ಕೊಟ್ಟರೆ ಪೂರ್ತಿ ನೋಡಿ ಬರೆದುಕೊಡುತ್ತಾರೆ. ಮೆಕ್ಯಾನಿಕ್ಕು ಗಾಡಿಯನ್ನು ಲಿಫ್ಟಿನ ಮೇಲೆ ತಲೆಯ ಎತ್ತರಕ್ಕೆ ಎತ್ತಿ ನನ್ನನ್ನು ಕೆಳಗೆ ಕರೆದರು. ಟಾರ್ಚ್ ಬಿಟ್ಟರು. ಮುಂದಿನ ಚಕ್ರಗಳ ನಡುವೆ ಇಂಜಿನ್ನನ್ನು ಹೊತ್ತುಕೊಂಡಿರುವ ದಪ್ಪ ಕಬ್ಬಿಣದ ಚೌಕಟ್ಟು ಇದೆಯಲ್ಲ, ಅದನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಕುಟ್ಟಿದರು. ಟಣ್ ಅನ್ನಬೇಕಿತ್ತು. ಡಬ್ ಅಂತ ಮಂಕಾದ ಶಬ್ದ ಬಂತು. ಆಮೇಲೆ ತುದಿಯಿಂದ ಚುಚ್ಚಿದರು. ಕಬ್ಬಿಣ ಪದರ ಪದರವಾಗಿ ಎದ್ದು ನನ್ನ ಶೂ ಮೇಲೆ ಉದುರಿತು. ಕೈಯಲ್ಲಿ ಹಿಡಿದು ನೋಡಿದೆ. ನಮ್ಮಲ್ಲಿ ಜಂಬಿಟ್ಟಿಗೆ ಕಲ್ಲು ಕೆತ್ತುವಾಗ ಬೀಳುವ ಪುಡಿಯದೇ ಬಣ್ಣ. ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ ಆಯಿತು.

ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಲಾರಿಗಟ್ಟಲೆ. ಆ ಉಪ್ಪುನೀರು ಗಾಡಿಯ ಹೊಟ್ಟೆಗೆ ಹಾರಿ ಕೂತುಕೊಳ್ಳುತ್ತದೆ. ಈ ಗಾಡಿ ಉತ್ತರಕ್ಕೆ, ಈರಿ ಸರೋವರದ ಕಡೆ ಇದ್ದಿದ್ದು. ಅಲ್ಲಿ ಹಿಮ ಇನ್ನೂ ಜಾಸ್ತಿ. ಮೇಲೆ ಎಷ್ಟು ಪಾಲಿಶ್ ಹೊಡೆದರೂ ಅಡಿಯಲ್ಲಿ ಉಪ್ಪು ತನ್ನ ಕೆಲಸ ಮಾಡಿರುತ್ತದೆ. ಜೊತೆಗೆ ಆ ಇಂಜಿನ್ನಿನ ಟೈಮಿಂಗ್ ಬೆಲ್ಟನ್ನು 1,00,000 ಮೈಲಿಯ ಹೊತ್ತಿಗೆ ಬದಲಾಯಿಸಬೇಕು, ಅದಕ್ಕೆ ಸಾವಿರ ಡಾಲರ್ ಮೇಲೆ ಖರ್ಚು. "ನಿಮ್ಮ ಮಕ್ಕಳನ್ನ ಇದರಲ್ಲಿ ಕೂರಿಸಬೇಡಿ" ಅಂದರು ಮೆಕ್ಯಾನಿಕ್ಕು. ಅಷ್ಟೇ ಮಾತು. ಆ 150 ಡಾಲರ್ ನಾನು ಈ ವರ್ಷ ಮಾಡಿದ ಒಳ್ಳೆಯ ಖರ್ಚು.

ಆಮೇಲೆ ಮೂರು ವಾರ ಏನೂ ಸಿಗಲಿಲ್ಲ. ಒಂದಕ್ಕೆ ದಾಖಲೆಯಲ್ಲಿ ದೊಡ್ಡ ಅಪಘಾತ ಆಗಿತ್ತು. ಇನ್ನೊಂದರ ಕಾರ್ಪೆಟ್ಟಿನ ಅಡಿ ಕೈ ಹಾಕಿದರೆ ತೇವ, ಮುಗ್ಗಲು ವಾಸನೆ. ನಮ್ಮ ಮಳೆಗಾಲದಲ್ಲಿ ಅಟ್ಟದ ಮೇಲೆ ಬರುವ ವಾಸನೆ ಅದು, ನನ್ನ ಮೂಗಿಗೆ ತಪ್ಪುವುದಿಲ್ಲ. ನೀರಿನಲ್ಲಿ ನಿಂತ ಗಾಡಿ ಇರಬೇಕು ಅನ್ನಿಸಿ ಬಿಟ್ಟು ಬಂದೆವು.

ಕೊನೆಗೆ ಸಿಕ್ಕಿದ್ದು ಡೀಲರ್ ಹತ್ತಿರ ಅಲ್ಲ, ಒಂದು ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಮಕ್ಕಳು ಓದು ಮುಗಿಸಿ ದೂರ ಹೋಗಿದ್ದಾರೆ, ಇಷ್ಟು ದೊಡ್ಡ ಗಾಡಿ ಇನ್ನು ಯಾಕೆ ಅಂತ ಮಾರಲು ಇಟ್ಟಿದ್ದರು. 2019ರ ಸಿಯೆನಾ, ಎಂಟು ಸೀಟು, 71,000 ಮೈಲಿ. ಹೊಸದಾಗಿ ಕೊಂಡವರೇ ಅವರು. ಗ್ಯಾರೇಜಿನಲ್ಲಿ ಗಾಡಿಯ ಅಡಿಯ ನೆಲ ನೋಡಿದೆ, ಒಂದು ಹನಿ ಎಣ್ಣೆ ಇಲ್ಲ. ಆ ಅಮ್ಮ ಒಂದು ಫೈಲ್ ತಂದು ಕೈಗಿಟ್ಟರು. ಆಯಿಲ್ ಬದಲಿಸಿದ ಪ್ರತಿ ರಸೀದಿ ತಾರೀಕಿನ ಪ್ರಕಾರ ಜೋಡಿಸಿತ್ತು. ನಮ್ಮ ಮನೆಯಲ್ಲಿ ಅಮ್ಮ ಕರೆಂಟ್ ಬಿಲ್ಲು ಇಟ್ಟ ಹಾಗೆ.

ನಾವು ನೋಡಿದ್ದನ್ನೆಲ್ಲ ಬರೆಯುತ್ತೇನೆ, ನಿಮಗೆ ಇಷ್ಟವಾಗುತ್ತದೆ. ಪ್ರತಿ ಗಾಡಿಗೂ 17 ಅಕ್ಷರ-ಅಂಕಿಯ ಒಂದು ನಂಬರ್ ಇರುತ್ತದೆ, ನಮ್ಮ ಚಾಸಿ ನಂಬರ್ ಹಾಗೆ. ಅದನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಿದರೆ, ಕಂಪನಿ ವಾಪಸ್ ಕರೆದು ಸರಿ ಮಾಡಿಕೊಡಬೇಕಾದ ದೋಷ ಬಾಕಿ ಇದೆಯಾ ಅಂತ ಪುಕ್ಕಟೆ ಗೊತ್ತಾಗುತ್ತದೆ. ಬಾಕಿ ಇರಲಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ನೀವೂ ಓಮ್ನಿಯಲ್ಲಿ ನೋಡಿ. ಇದರಲ್ಲಿ 2322 ಅಂತ ಇತ್ತು. 2022ನೇ ಇಸವಿಯ 23ನೇ ವಾರ ತಯಾರಾದದ್ದು ಅಂತ ಅರ್ಥ. ಟೈರಿನ ಗೀರಿನಲ್ಲಿ ಇಲ್ಲಿಯ ಒಂದು ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ಇಳಿಸಿ ನೋಡುತ್ತಾರೆ. ಅದರ ಮೇಲಿರುವ ಲಿಂಕನ್ ತಲೆ ಪೂರ್ತಿ ಕಂಡರೆ ಟೈರ್ ಸವೆದಿದೆ ಅಂತ. ನಮ್ಮದರಲ್ಲಿ ಹಣೆಯೆಲ್ಲ ಒಳಗೆ ಹೋಯಿತು. ಈ ಇಂಜಿನ್ನಿಗೆ ಬೆಲ್ಟ್ ಅಲ್ಲ, ಚೈನು. ಅದೇ ಮೆಕ್ಯಾನಿಕ್ಕು ಲಿಫ್ಟಿಗೆ ಹಾಕಿ ಕುಟ್ಟಿದರು. ಈ ಸಲ ಟಣ್ ಅಂತು. ಹಿಂದಿನ ಬ್ರೇಕು ಈ ವರ್ಷ ಬದಲಿಸಬೇಕು, ಟ್ರಾನ್ಸ್‌ಮಿಷನ್ ಆಯಿಲ್ಲೂ ಬದಲಿಸಿದರೆ ಒಳ್ಳೆಯದು ಅಂತ ಬರೆದುಕೊಟ್ಟರು. ಅದನ್ನೇ ತೋರಿಸಿ ಮಾತಾಡಿ, 25,500 ಹೇಳಿದ್ದನ್ನು 24,500ಕ್ಕೆ ಮುಗಿಸಿದೆವು.

ದುಡ್ಡಿಗೆ 9,500 ನಮ್ಮ ಉಳಿತಾಯದಿಂದ ಹಾಕಿದೆವು. 15,000 ಕ್ರೆಡಿಟ್ ಯೂನಿಯನ್ನಿನಲ್ಲಿ ಸಾಲ. ಅದು ನಮ್ಮ ಊರಿನ ಸೊಸೈಟಿಯ ಹಾಗೆ, ಸದಸ್ಯರದ್ದೇ. ನೂರಕ್ಕೆ 7ರ ಬಡ್ಡಿ, 48 ತಿಂಗಳು, ತಿಂಗಳಿಗೆ 359.

ಕಾಗದಪತ್ರದ ಕೆಲಸ ನಮ್ಮ ಕಡೆಯದಕ್ಕೆ ಹತ್ತಿರವೇ ಇದೆ. ಆರ್‌ಸಿ ಬುಕ್ಕಿನ ಜಾಗದಲ್ಲಿ ಇಲ್ಲಿ ಟೈಟಲ್ ಅಂತ ಒಂದು ಕಾಗದ. ಸಾಲ ಇದ್ದರೆ, ನಮ್ಮಲ್ಲಿ ಹೈಪೋಥಿಕೇಷನ್ ಬರೆಯುವ ಹಾಗೆ, ಅದರ ಮೇಲೆ ಸಾಲ ಕೊಟ್ಟವರ ಹೆಸರು ಬರುತ್ತದೆ. ಓಹಾಯೋದಲ್ಲಿ ಮಾರುವವರು ನೋಟರಿಯ ಎದುರಿಗೇ ಅದಕ್ಕೆ ಸಹಿ ಹಾಕಬೇಕು. ಆಮೇಲೆ ಕೌಂಟಿಯ ಟೈಟಲ್ ಆಫೀಸಿಗೆ ಹೋಗಿ ತೆರಿಗೆ ಕಟ್ಟಿ ನಮ್ಮ ಹೆಸರಿಗೆ ಮಾಡಿಸಿಕೊಂಡೆವು. ನಿಮಗೆ ಆಶ್ಚರ್ಯ ಆಗುವುದು ನಂಬರ್ ಪ್ಲೇಟಿನ ವಿಷಯ. ನಮ್ಮಲ್ಲಿ ಕೆಎ-15 ಅಂತ ಒಂದು ಸಲ ಬಂದರೆ ಎಷ್ಟು ಜನರ ಕೈ ಬದಲಾದರೂ ಗಾಡಿಯ ಜೊತೆಗೇ ಇರುತ್ತದೆ. ಇಲ್ಲಿ ಪ್ಲೇಟು ಮಾಲೀಕರದ್ದು. ಗಾಡಿ ಮಾರಿದ ಆ ಅಜ್ಜ ತಾವೇ ನೆಲದ ಮೇಲೆ ಮಂಡಿ ಊರಿ, ಹಿಂದಿನ ಪ್ಲೇಟಿನ ಸ್ಕ್ರೂ ಒಂದೊಂದಾಗಿ ಬಿಚ್ಚಿದರು. ಓಹಾಯೋದಲ್ಲಿ 2020ರ ಜುಲೈನಿಂದ ಗಾಡಿಯ ಮುಂಭಾಗಕ್ಕೆ ಪ್ಲೇಟ್ ಬೇಕಿಲ್ಲ, ಹಿಂಭಾಗಕ್ಕೆ ಒಂದೇ. ಬಿಚ್ಚಿದ ಮೇಲೆ ಅದನ್ನು ಅಂಗಿಯ ತೋಳಿನಿಂದ ಒರೆಸಿ, ಹೆಂಡತಿಯ ಕೈಗೆ ಕೊಟ್ಟರು. ಆಕೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು, ನಾವು ತಿರುವು ದಾಟುವವರೆಗೂ. ಬೈನೆ ಮರದ ಕೆಳಗೆ ನಮ್ಮ ಕೆಂಪು ಹಸುವನ್ನು ಮಾರಿ ಕಳಿಸಿದ ದಿನ ಅಮ್ಮ ನಿಂತಿದ್ದಳಲ್ಲ, ಹಾಗೆ.

ಈಗ ಅಪ್ಪ ಕೇಳಿದ ಒಟ್ಟು ಲೆಕ್ಕ. ಲೀಸ್ ಆಗಿದ್ದರೆ ಮೂರು ವರ್ಷಕ್ಕೆ ಕಂತು ಸೇರಿ 24,825, ಗಾಡಿ ಒಪ್ಪಿಸುವಾಗ 350, ಮೈಲಿ ದಂಡ 2,580. ಒಟ್ಟು 27,755. ಕೊನೆಗೆ ಕೈಯಲ್ಲಿ ಏನೂ ಇಲ್ಲ. ಈ ಗಾಡಿಗೆ ಮೂರು ವರ್ಷದಲ್ಲಿ ನಾವು ಕಟ್ಟುವುದು 22,424. ಆಗ ಸಾಲ 4,150ರಷ್ಟು ಉಳಿದಿರುತ್ತದೆ. ಕಡಿಮೆ ಅಂದಾಜು ಹಿಡಿದು 13,000ಕ್ಕೆ ಮಾರಿದರೂ ಸಾಲ ತೀರಿಸಿ 8,850 ಕೈಗೆ ಬರುತ್ತದೆ. ಅಂದರೆ ಖರ್ಚು 13,574. ರಿಪೇರಿಗೆ ಅಂತ 3,500 ಬೇರೆ ಎತ್ತಿಟ್ಟಿದ್ದೇನೆ.

ಪೆಟ್ರೋಲ್ ಲೆಕ್ಕದಲ್ಲಿ ಮಾತ್ರ ಹೊಸದೇ ಮೇಲು, ಅದನ್ನು ಬಿಡಬಾರದು. 2021ರಿಂದ ಬರುವ ಸಿಯೆನಾ ಎಲ್ಲ ಹೈಬ್ರಿಡ್, ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ. ನಮ್ಮದು 9 ದಾಟಿದರೆ ಹೆಚ್ಚು. ಇಲ್ಲಿಯ ಪೆಟ್ರೋಲ್ ಬೆಲೆಗೆ ವರ್ಷಕ್ಕೆ 750 ಡಾಲರ್‌ನಷ್ಟು ಜಾಸ್ತಿ ಸುಡುತ್ತೇವೆ. ಮೂರು ವರ್ಷಕ್ಕೆ 2,250. ಇದನ್ನೆಲ್ಲ ಸೇರಿಸಿದರೂ 19,300 ಆಸುಪಾಸು. ಲೀಸಿಗಿಂತ 8,400 ಡಾಲರ್ ಕಡಿಮೆ. ರೂಪಾಯಿಗೆ ತಂದರೆ 7 ಲಕ್ಷದ ಮೇಲೆ. ಒಂದು ಮಾತು, ಮಾರುವ ಬೆಲೆ ನನ್ನ ಅಂದಾಜು. ರಿಪೇರಿಯೂ ಅಷ್ಟೇ, ದೊಡ್ಡದೇನಾದರೂ ಬಂದರೆ ಲೆಕ್ಕ ಬದಲಾಗುತ್ತದೆ. ತಪ್ಪು ಕಂಡರೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಮುಂದಿನ ಸಲ ಹೇಳಿ.

ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ಚಿಂತೆ ಬಿಡಿ ಅಪ್ಪ. ಚಿಕ್ಕಪ್ಪ ನಿಂತು ಹೊಡೆಸುತ್ತೇನೆ ಅಂದಿದ್ದಾರೆ, ನಾನೇ ಮಾತಾಡಿದೆ. ನೀವು ಜೂನ್ ಟಿಕೆಟ್ ಮುಂದೆ ಹಾಕಬೇಡಿ.

ಅಮ್ಮ, ನಿನಗೆ ಒಂದು ಕೆಲಸ ಇದೆ. ಈ ಗಾಡಿಯ ಬಾಗಿಲು ಪಕ್ಕಕ್ಕೆ ಜರುಗುತ್ತದೆ, ನಮ್ಮ ಓಮ್ನಿಯ ಹಾಗೆ. ಬಾಗಿಲ ಹತ್ತಿರದ ಸೀಟು ನಿನ್ನದು, ಮಕ್ಕಳ ಸೀಟು ಹಿಂದಿನ ಸಾಲಿಗೆ ಹಾಕಿದ್ದೇನೆ. ಒಳಗೆ ಕಾಲು ನೀಡಿ ಕೂರಬಹುದು, ನಾನು ಕೂತು ನೋಡಿದೆ. ಹತ್ತುವುದೊಂದೇ ಯೋಚನೆ. ಟೇಪು ಹಿಡಿದು ಅಳೆದೆ, ನೆಲದಿಂದ ಗಾಡಿಯ ಒಳಗಿನ ನೆಲಕ್ಕೆ 17 ಇಂಚು ಇದೆ. ನಮ್ಮ ಜಗಲಿ ಕಟ್ಟೆ ಅಂಗಳದಿಂದ ಎಷ್ಟು ಎತ್ತರ ಅಂತ ಅಪ್ಪನ ಹತ್ತಿರ ಅಳೆಸಿ ಹೇಳು. ಅದಕ್ಕಿಂತ ಇದು ಎತ್ತರ ಇದ್ದರೆ ಒಂದು ಮೆಟ್ಟಿಲು ಮಾಡಿಸಿ ಇಟ್ಟಿರುತ್ತೇನೆ.

ನಿಮ್ಮ ಮಗಳು